ಬಾಣಲೆ ಹತ್ತಿದ ಇರುವೆಗಳು

ಕಾಲುವೆ ಒಡೆದು ನೀರು ಗೂಡಿನ ಬಾಯಿಗೆ ಬಂದಾಗ, ಮರಿಗಳನ್ನು ಕಟ್ಟಿಕೊಂಡ ಮುದಿ ಇರುವೆಗೆ ದಿಕ್ಕೇ ತೋಚಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಕಬ್ಬಿಣದ ಬಾಣಲೆ, "ನನ್ನೊಳಗೆ ಹತ್ತಿಕೊಳ್ಳಿ, ತಾಯಿ," ಎಂದಿತು.

"ನಿನ್ನ ಜಾತಿಯ ಮೊಳೆಯೊಂದು ಈಗತಾನೇ ನೀರಿಗೆ ಬಿದ್ದು ನನ್ನ ಕಣ್ಣೆದುರೇ ಮುಳುಗಿತು. ನಿನ್ನನ್ನು ಹೇಗೆ ನಂಬಲಿ?"

"ಮೊಳೆಯದು ಗಟ್ಟಿ ಮೈ. ಅದು ಸರಿಸುವ ನೀರು ಅದರ ತೂಕಕ್ಕೆ ಸಾಲದು. ನನ್ನದು ಅಗಲವಾದ ಹೊಟ್ಟೆ. ನನ್ನ ಮತ್ತು ನಿಮ್ಮೆಲ್ಲರ ತೂಕದಷ್ಟು ನೀರನ್ನು ನಾನು ಪಕ್ಕಕ್ಕೆ ಸರಿಸಿದರೆ ಸಾಕು, ನೀರೇ ನಮ್ಮನ್ನು ಹೊರುತ್ತದೆ."

ಅಷ್ಟರಲ್ಲಿ ಮರಿಗಳ ಕಾಲು ನೆನೆಯತೊಡಗಿತು. ಮುದಿ ಇರುವೆ ಜೀವ ಕೈಯಲ್ಲಿ ಹಿಡಿದು ಎಲ್ಲರನ್ನೂ ಬಾಣಲೆಗೆ ಹತ್ತಿಸಿತು. ನೀರು ಏರಿತು. ಬಾಣಲೆ ಒಮ್ಮೆ ಓಲಾಡಿ, ನೆಲ ಬಿಟ್ಟು ಮೇಲೆದ್ದು, ಮೆಲ್ಲನೆ ಸಾಗಿ ಹುಣಸೆಮರದ ಬೊಡ್ಡೆಗೆ ತಾಗಿ ನಿಂತಿತು.

ಮರಿಗಳೆಲ್ಲ ಮರ ಹತ್ತಿದ ಮೇಲೆ ಮುದಿ ಇರುವೆಯ ಎದೆ ಹಗುರಾಯಿತು. ಕೊನೆಯ ಮರಿ ಕೇಳಿತು: "ಅಜ್ಜಿ, ಹಾಗಾದರೆ ಕಬ್ಬಿಣ ಮುಳುಗುತ್ತದೋ, ತೇಲುತ್ತದೋ?"

"ಕಬ್ಬಿಣವೇ ಎಂದು ಕೇಳಿದರೆ ಸಾಲದು ಮಗು," ಎಂದಿತು ಅಜ್ಜಿ. "ಒಳಗೆ ಎಷ್ಟು ಜಾಗವಿದೆ ಎಂದು ನೋಡಬೇಕು."