ಗಾಳ ನುಂಗಿದ ನೀರುಕಾಗೆ

ಗಂಟಲಿನ ಗಾಳ ತೆಗೆದವರಿಗೆ ದಿನದ ಬೇಟೆಯಲ್ಲಿ ಅರ್ಧ ಪಾಲು ಎಂದು ನೀರುಕಾಗೆ ಕೆರೆಯ ದಂಡೆಯಲ್ಲಿ ಗೊಗ್ಗರು ದನಿಯಲ್ಲಿ ಸಾರಿತು. ಮೀನಿನ ಜೊತೆ ಗಾಳವನ್ನೂ ನುಂಗಿಬಿಟ್ಟಿದ್ದ ಅದರ ಕೊಕ್ಕಿನಿಂದ ದಾರ ಜೋತಾಡುತ್ತಿತ್ತು.

ನೆಂಟನೆಂದು ಓಡಿಬಂದ ಕಾಗೆ, "ಪಾಲು ಯಾಕೆ ಭಾವ, ಪ್ರೀತಿ ಇದ್ದರೆ ಸಾಕು" ಎಂದು ದಾರ ಕಚ್ಚಿ ಜಗ್ಗಿತು. ಮುಳ್ಳು ಇನ್ನೂ ಆಳಕ್ಕೆ ನಾಟಿ ದಾರದ ಗುಂಟ ರಕ್ತ ಇಳಿಯಿತು. ಕಾಗೆ ಮತ್ತೆ ಕಾಲೂರಿ ನಿಂತಿತು.

"ಬಿಡಯ್ಯಾ, ಇನ್ನೊಂದು ಸಲ ಎಳೆದರೆ ಗಂಟಲೇ ಕಿತ್ತು ಬರುತ್ತದೆ," ಎಂದು ಕಾಗೆಯನ್ನು ತಡೆದ ಕಲ್ಲುಸಂದಿಯ ಏಡಿ ನೀರುಕಾಗೆಯತ್ತ ತಿರುಗಿತು. "ನಾನು ತೆಗೆಯುತ್ತೇನೆ. ನಿನ್ನ ಮೀನು ಬೇಡ. ಇನ್ನು ಈ ಕೆರೆಯಲ್ಲಿ ನೀನು ಏಡಿ ತಿನ್ನಕೂಡದು."

ನಿನ್ನೆ ತಾನೇ ಆ ಏಡಿಯ ತಮ್ಮನನ್ನು ತಿಂದಿದ್ದ ನೀರುಕಾಗೆಗೆ ಉಸಿರು ಕಟ್ಟುತ್ತಿತ್ತು. ಹೂಂ ಎಂದು ತಲೆಯಾಡಿಸಿತು.

ಏಡಿ ದಾರವನ್ನು ಟೊಳ್ಳು ಜೊಂಡಿನೊಳಗೆ ಪೋಣಿಸಿ, ಬಿಗಿಹಿಡಿದು, ಜೊಂಡನ್ನು ಗಂಟಲಿಗೆ ಮೆಲ್ಲಗೆ ಇಳಿಸಿತು.

"ಹೊರಗೆ ತೆಗಿ ಅಂದರೆ ಒಳಗೆ ನೂಕುತ್ತೀಯಲ್ಲ," ಎಂದು ಕಾಗೆ ಅಣಕಿಸಿತು.

"ಎಳೆದಷ್ಟೂ ಕಚ್ಚುವ ಮುಳ್ಳು ನೂಕಿದರೇ ಬಿಡುವುದು," ಎಂದು ಏಡಿ ಇನ್ನೊಂದಿಷ್ಟು ಒತ್ತಿತು. ಮುಳ್ಳು ಮಾಂಸ ಬಿಟ್ಟು ಜೊಂಡಿನ ಬಾಯಿಗೆ ಸೇರಿತು. ಜೊಂಡು, ದಾರ, ಗಾಳ ಒಟ್ಟಿಗೆ ಹೊರಬಂದವು.

ಉಸಿರು ಬಂದೊಡನೆ ನೀರುಕಾಗೆಯ ಕಣ್ಣು ಏಡಿಯ ಮೇಲೆ ಬಿತ್ತು. ಏಡಿ ಗಾಳವನ್ನು ಎತ್ತಿ ತೋರಿಸಿ, "ಇದು ನಮ್ಮಲ್ಲೇ ಇರುತ್ತದೆ. ಯಾವ ಏಡಿಯ ಹತ್ತಿರ ಅಂತ ಮಾತ್ರ ಹೇಳುವುದಿಲ್ಲ," ಎಂದು ನೀರಿಗಿಳಿಯಿತು.

ನೀರುಕಾಗೆಗೆ ಗಂಟಲು ಉಳಿಯಿತು, ಏಡಿಗಳಿಗೆ ಕೆರೆ ಉಳಿಯಿತು. ಪಾಲು ಬೇಡವೆಂದ ಕಾಗೆಗೆ ಕೊಕ್ಕಿಗೆ ಅಂಟಿದ ನೆಂಟನ ರಕ್ತವಷ್ಟೇ ಲಾಭ.