ಗೆರೆ ದಾಟದ ಇಲಿ

“ಗುರುಗಳೇ, ನನ್ನ ಮಗಳು ಒಂದು ಕಡೆ ನಿಂತವಳಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಗುಣ ಕಂಡಿತು. ಸಾಲದು ಎಂದು ನಾನೇ ಹಟ ಹಿಡಿದು ಪ್ರಮಾಣ ಹೆಚ್ಚು ಮಾಡಿಸಿದೆ. ಈಗ ಕೂರಿಸಿದಲ್ಲಿ ಕೂತಿರುತ್ತಾಳೆ. ಶಾಲೆಯಿಂದ ದೂರೂ ಇಲ್ಲ. ಇನ್ನು ನಾನು ನಿಶ್ಚಿಂತೆಯಿಂದ ಇರಬಹುದಲ್ಲವೇ?” ಎಂದು ಶಿಷ್ಯ ನಾಗಭೂಷಣ ಕೇಳಿದ.

“ಕೂತು ಏನು ಮಾಡುತ್ತಾಳೆ?”

“ಏನು ಮಾಡುತ್ತಾಳೋ, ನೋಡಿಲ್ಲ. ಮನೆಯಲ್ಲಿ ಸದ್ದಿಲ್ಲ, ಅಷ್ಟು ಸಾಕು.”

ಗುರುಗಳು ನಕ್ಕರು. “ಹಾಗಾದರೆ ಒಂದು ಕತೆ ಕೇಳು. ಆಣೆ ಮಾಡಿ ಹೇಳುತ್ತೇನೆ, ಅಕ್ಷರ ಅಕ್ಷರವೂ ನಿಜ. ನನ್ನ ಬಾಯಲ್ಲಿ ಸುಳ್ಳು ಹುಟ್ಟಿದರೂ ಹಲ್ಲಿನ ಕಾವಲು ದಾಟಿ ಹೊರಗೆ ಬಂದದ್ದಿಲ್ಲ. ಈಗ ಹಲ್ಲು ನಾಲ್ಕೇ ಉಳಿದಿವೆ, ಆದರೂ ಗಟ್ಟಿ ಕಾವಲು.

ಒಬ್ಬ ಸಂಶೋಧಕನಿದ್ದ. ಚಂಚಲ ಮಕ್ಕಳಿಗೆ ಕೊಡುವ ಮದ್ದನ್ನು ಇಲಿಗಳ ಮೇಲೆ ಪರೀಕ್ಷಿಸುವುದು ಅವನ ಕೆಲಸ. ಅದಕ್ಕೆಂದೇ ಹುಟ್ಟಿನಿಂದ ಚಡಪಡಿಸುವ ಇಲಿಗಳನ್ನು ಸಾಕಿದ್ದ. ಅವುಗಳಲ್ಲೊಂದು ಎಷ್ಟು ಜೋರೆಂದರೆ, ಅದು ಒಂದು ಮೂಲೆ ತಲುಪಿದಾಗ ಅದರ ನೆರಳು ಹಿಂದಿನ ಮೂಲೆಯಲ್ಲೇ ಇರುತ್ತಿತ್ತು. ಅಂಥದ್ದನ್ನು ಬರಿಗೈಯಲ್ಲಿ ಹಿಡಿಯಬಲ್ಲವನು ಲೋಕದಲ್ಲಿ ನಾನೊಬ್ಬನೇ. ಯಾರೂ ಕರೆಯಲಿಲ್ಲ, ಅಷ್ಟೆ.

ಆ ಇಲಿಯನ್ನು ಬಿಟ್ಟಿದ್ದ ಪೆಟ್ಟಿಗೆಯೊಳಗೆ ಬೆಳಕಿನ ಗೆರೆಗಳಿದ್ದವು. ಇಲಿ ಗೆರೆ ದಾಟಿದಾಗಲೆಲ್ಲ ಹೊರಗಿನ ಯಂತ್ರದಲ್ಲಿ ಅಂಕಿ ಏರುತ್ತಿತ್ತು. ಸಂಶೋಧಕ ಅಂಕಿಯನ್ನೇ ನೋಡುತ್ತಿದ್ದ.

ಮೊದಲು ಸ್ವಲ್ಪವೇ ಮದ್ದು ಕೊಟ್ಟ. ಅದು ಮೈಗೆ ಚುರುಕು ತರುವ ಮದ್ದು. ವಿಚಿತ್ರವೆಂದರೆ ಚಡಪಡಿಸುವವರನ್ನು ಅದೇ ತಣಿಸುತ್ತದೆ. ಇಲಿಯ ಓಟ ತಗ್ಗಿತು. ಕಾಳಿನ ಮುಂದೆ ಕೂತು, ತಿಂದು ಮುಗಿಸಿ ಎದ್ದಿತು. ಹುಟ್ಟಿದ ಮೇಲೆ ಅದು ಮುಗಿಸಿದ ಮೊದಲ ಊಟ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಊಟವನ್ನು ಯಂತ್ರ ಎಣಿಸುವುದಿಲ್ಲ.

ಅಂಕಿ ಇನ್ನೂ ಇಳಿಯಲಿ ಎಂದು ಅವನು ಮದ್ದು ಹೆಚ್ಚಿಸುತ್ತ ಹೋದ. ಒಂದು ದಿನ ಯಂತ್ರ ಸೊನ್ನೆ ತೋರಿಸಿತು. ‘ಗೆದ್ದೆ, ಬನ್ರಪ್ಪಾ!’ ಎಂದು ಗೆಳೆಯರನ್ನು ಕರೆದ. ಎಲ್ಲರೂ ಯಂತ್ರದ ಮುಂದೆ ನಿಂತು ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ಅವನಿಗೆ ಏನೋ ಅನಿಸಿತು. ಪೆಟ್ಟಿಗೆಯ ಮುಚ್ಚಳ ತೆಗೆದ. ಇಲಿ ಮೂಲೆಯಲ್ಲಿ ಕೂತು ತನ್ನ ಮುಂಗಾಲನ್ನು ತಾನೇ ಕಚ್ಚುತ್ತಿತ್ತು, ಬಿಡದೆ ಕಚ್ಚುತ್ತಿತ್ತು. ಕಾಳು ಹಾಕಿದ ಹಾಗೇ ಇತ್ತು. ಚಡಪಡಿಕೆ ಎಲ್ಲೂ ಹೋಗಿರಲಿಲ್ಲ. ಪೆಟ್ಟಿಗೆಯ ತುಂಬ ಓಡುತ್ತಿದ್ದದ್ದು ಆ ಒಂದು ಕಾಲಿಗೆ ಬಂದು ಸೇರಿತ್ತು. ಅವನು ಇಲಿಯನ್ನು ಅಂಗೈಗೆ ತೆಗೆದುಕೊಂಡ. ಮದ್ದು ಇಳಿಸಿದ. ಕೆಲವು ದಿನಗಳಲ್ಲಿ ಅದು ಮತ್ತೆ ಕಾಳು ಮುಟ್ಟಿತು.”

ನಾಗಭೂಷಣ ಹಿಡಿದಿದ್ದ ಉಸಿರು ಬಿಟ್ಟ. “ಸದ್ಯ! ಸರಿಯಾದ ಹೊತ್ತಿಗೆ ನೋಡಿದನಲ್ಲ ಗುರುಗಳೇ.”

ಗುರುಗಳ ಮುಖದಲ್ಲಿ ಈಗ ನಗುವಿರಲಿಲ್ಲ.

“ಉಳಿದದ್ದೆಲ್ಲ ನಿಜ ಕಣಪ್ಪಾ, ಆ ಸರಿಯಾದ ಹೊತ್ತೊಂದನ್ನು ಮಾತ್ರ ನಾನು ಕಟ್ಟಿ ಹೇಳಿದೆ.”