ನಡೆದುಹೋದ ಬದು

ದ್ಯಾಮಪ್ಪನ ಹೊಲಕ್ಕೂ ಫಕೀರವ್ವನ ಹೊಲಕ್ಕೂ ನಡುವೆ ಒಂದು ಬದು ಇತ್ತು. ಆ ಗಡಿಯ ಗುಂಟ ಕಾಲುವೆ ತೋಡಬೇಕಾಗಿ ಬಂದು, ಭೂಮಾಪಕಿ ಅವರಿಬ್ಬರ ಎದುರಿಗೇ ಅಳತೆಗೆ ನಿಂತಳು. ಆಗ ಅವಳ ಫೋನಿನೊಳಗಿದ್ದ ಹೊಲಗಳ ನಕ್ಷೆ ಹೇಳಿತು: “ಬದುವೇ, ನೀನು ನಿನ್ನ ಜಾಗದಲ್ಲಿಲ್ಲ.”

“ನಾಲಿಗೆ ಬಿಗಿಹಿಡಿ!” ಎಂದು ಬದು ಸಿಡುಕಿತು. “ಹುಟ್ಟಿದಾಗಿನಿಂದ ನಾನು ಅಲುಗಾಡಿಲ್ಲ. ಒಂದು ಹಿಡಿ ಮಣ್ಣೂ ಇಲ್ಲದ ನೀನು ಎಂಥ ಗಡಿ?”

“ಮಣ್ಣಿಲ್ಲದ್ದಕ್ಕೇ ನನ್ನ ಗೆರೆಯನ್ನು ಯಾವ ನೇಗಿಲೂ ಕೆರೆಯಲಾರದು. ನಿನ್ನನ್ನು ಪ್ರತಿ ಬಿತ್ತನೆಗೂ ಒಂದು ಮಗ್ಗುಲಲ್ಲಿ ಕೆರೆದು, ಇನ್ನೊಂದು ಮಗ್ಗುಲಿಗೆ ಮಣ್ಣು ಏರಿಸಿದ್ದಾರೆ. ಹಾಗೆ ನೀನು ಫಕೀರವ್ವನ ಹೊಲದೊಳಕ್ಕೆ ನಡೆದುಬಂದಿದ್ದೀಯೆ. ಈಗ ನಿನ್ನ ಗುಂಟ ತೋಡಿದರೆ ಅವಳ ಬಾವಿ ಮಣ್ಣುಪಾಲಾಗುತ್ತದೆ.”

ಬದು ತಿರುಗಿ ನೋಡಿತು. ಒಂದು ಕಾಲಕ್ಕೆ ತನ್ನ ಬೆನ್ನ ಮೇಲಿದ್ದ ಬನ್ನಿ ಮರ, ಈಗ ದೂರದಲ್ಲಿ ದ್ಯಾಮಪ್ಪನ ಜೋಳದ ನಡುವೆ ನಿಂತಿತ್ತು.

“ಯಾರು ನನ್ನನ್ನು ಸರಿಸಿದವರು?” ಎಂದು ಅದು ಕೂಗಿತು. “ಹೆಸರು ಹೇಳು, ಊರೆಲ್ಲ ಕೇಳಲಿ!”

ದ್ಯಾಮಪ್ಪ ತಲೆ ತಗ್ಗಿಸಿದ.

“ಹೆಸರು ನನ್ನಲ್ಲಿಲ್ಲ,” ಎಂದಿತು ನಕ್ಷೆ. “ನೀನು ಎಲ್ಲಿರಬೇಕು ಎನ್ನುವುದಷ್ಟೇ ನನಗೆ ಗೊತ್ತು.”

ಜಗಳಗಳನ್ನು ಕೇಳಿ ಕೇಳಿಯೇ ಮುದಿಯಾಗಿದ್ದ ಬದು ಆ ಉತ್ತರಕ್ಕೆ ಬೆರಗಾಯಿತು.

ದ್ಯಾಮಪ್ಪ ಗುದ್ದಲಿ ತಂದ. ಬದುವನ್ನು ಅಗೆದು, ಮೊದಲ ಬುಟ್ಟಿ ಮಣ್ಣನ್ನು ಬನ್ನಿಯ ಬುಡಕ್ಕೆ ಸುರಿದ. ಎರಡನೆಯ ಬುಟ್ಟಿಗೆ ಬಾಗಿದಾಗ ಅದರ ಇನ್ನೊಂದು ಅಂಚು ಆಗಲೇ ಮೇಲೆದ್ದಿತ್ತು.

“ಹಿಡಿ ಅಣ್ಣಾ,” ಎಂದಳು ಫಕೀರವ್ವ.